ಇಂಗ್ಲಿಷಿನ ನಾಮಪದ ಮತ್ತು ವಿಶೇಷಣ: ಕನ್ನಡ ವ್ಯಾಕರಣದ ಬೆಳಕಿನಲ್ಲಿ ಭೇದವನ್ನು ಗುರುತಿಸುವ ಬಗೆ

ತರಗತಿ: 6ರಿಂದ 8
ಅವಧಿ: 40 ನಿಮಿಷಗಳ 3 ಪಾಠಗಳು

ಕಲಿಕೆಯ ಉದ್ದೇಶಗಳು

ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು
1. ಇಂಗ್ಲಿಷ್ ಪದವೊಂದು ವಾಕ್ಯದಲ್ಲಿ ನಾಮಪದವಾಗಿ ನಿಂತಿದೆಯೋ ವಿಶೇಷಣವಾಗಿ ನಿಂತಿದೆಯೋ ಎಂಬುದನ್ನು ಕಾರಣಸಹಿತ ಹೇಳುವನು;
2. ಕನ್ನಡದ ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ನಾಮಪದವೊಂದು, ವಿಶೇಷಣವೊಂದು ಇರುವಾಗ ಸಂದರ್ಭಕ್ಕೆ ತಕ್ಕುದನ್ನು ಆರಿಸುವನು;
3. ತಾನು ಕನ್ನಡ ವ್ಯಾಕರಣದಲ್ಲಿ ಕಲಿತ ಗುಣವಾಚಕ, ಭಾವನಾಮ, ಸಮಾಸಗಳ ತಿಳಿವಳಿಕೆಯನ್ನು ಇಂಗ್ಲಿಷಿಗೆ ಅನ್ವಯಿಸುವನು.

1. ಸಮಸ್ಯೆಯ ಸ್ವರೂಪ

ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ಉತ್ತರಪತ್ರಿಕೆಗಳಲ್ಲಿ ಕೆಲವು ತಪ್ಪುಗಳು ಮತ್ತೆ ಮತ್ತೆ ಕಾಣಿಸುತ್ತವೆ: 'ಶಿ ಈಸ್ ವೆರಿ ಹೈಟ್', 'ಐ ಆಮ್ ಹಂಗರ್', 'ಹಿ ಈಸ್ ಎ ಹಾನೆಸ್ಟಿ ಬಾಯ್', 'ಎ ಪೂರ್ ಕೇಮ್ ಟು ದಿ ಹೌಸ್'. ಮೌಲ್ಯಮಾಪಕರು ಪದದ ಕೆಳಗೆ ಕೆಂಪು ಗೆರೆ ಎಳೆದು ಅಂಕ ಕಳೆಯುತ್ತಾರೆ. ತಾನು ತಪ್ಪಿದೆನೆಂದು ಮಗುವಿಗೆ ತಿಳಿಯುತ್ತದೆ. ಏಕೆ ತಪ್ಪಿದೆನೆಂದು ತಿಳಿಯುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿಯೂ ಅದೇ ತಪ್ಪು ಮರುಕಳಿಸುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಕೆಂಪು ಗೆರೆಗೆ ಇನ್ನೊಂದು ಭಾರವೂ ಸೇರಿಕೊಳ್ಳುತ್ತದೆ. ಕಾಸರಗೋಡಿನಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಮಗುವಿನ ಇಂಗ್ಲಿಷ್ ಕುಂಟಿತೆಂದರೆ ಪೋಷಕರ ಸಂಶಯ ಮೊದಲು ಬೀಳುವುದು ಕನ್ನಡ ಮಾಧ್ಯಮದ ಮೇಲೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ವಿಧಿಯು ಕೊಟ್ಟ ಬಾಗಿಲನ್ನು ಪೋಷಕರ ಸಂಶಯವು ಮುಚ್ಚಬಲ್ಲದು. ಆದಕಾರಣ ಮೇಲಿನ ತಪ್ಪುಗಳಿಗೆ ಕನ್ನಡವು ಎಷ್ಟರಮಟ್ಟಿಗೆ ಕಾರಣ, ಪಾಠ ಹೇಳುವ ಕ್ರಮ ಎಷ್ಟರಮಟ್ಟಿಗೆ ಕಾರಣ ಎಂಬುದನ್ನು ಶಿಕ್ಷಕರು ನಿಷ್ಪಕ್ಷಪಾತವಾಗಿ ಪರಿಶೀಲಿಸುವುದು ಅಗತ್ಯ.

2. ಲಕ್ಷಣವಾಕ್ಯದ ಕೊರತೆ

'ವ್ಯಕ್ತಿ, ಸ್ಥಳ, ವಸ್ತುಗಳ ಹೆಸರು ನಾಮಪದ. ಗುಣವನ್ನು ಹೇಳುವ ಪದ ವಿಶೇಷಣ' ಎಂಬುದು ತರಗತಿಯಲ್ಲಿ ಕಂಠಪಾಠವಾಗುವ ಲಕ್ಷಣ. ಮಗುವು ಇದನ್ನು ನಂಬಿ ಮುಂದುವರಿಯುತ್ತದೆ. 'ಹಾನೆಸ್ಟಿ' ಎಂದರೆ ಪ್ರಾಮಾಣಿಕತೆ. ಪ್ರಾಮಾಣಿಕತೆ ಒಂದು ಗುಣ. ಗುಣವನ್ನು ಹೇಳುವುದು ವಿಶೇಷಣ. ಆದುದರಿಂದ 'ಹಾನೆಸ್ಟಿ' ವಿಶೇಷಣ. ಈ ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ತಪ್ಪಿರುವುದು ಲಕ್ಷಣವಾಕ್ಯದಲ್ಲಿ. 'ಬ್ಯೂಟಿ', 'ಸ್ಟ್ರೆಂತ್', 'ಪಾವರ್ಟಿ', 'ಕೈಂಡ್‌ನೆಸ್' ಮುಂತಾದ ಪದಗಳೆಲ್ಲ ಗುಣವನ್ನೇ ಹೇಳುತ್ತವೆ, ಆದರೂ ಅವು ನಾಮಪದಗಳು.

ಪದದ ವರ್ಗವನ್ನು ಅರ್ಥವೊಂದರಿಂದಲೇ ನಿರ್ಧರಿಸಲಾಗದು. ಆ ಪದವು ವಾಕ್ಯದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ನೋಡಬೇಕು. ಇನ್ನೊಂದು ನಾಮಪದಕ್ಕೆ ಅಂಟಿಕೊಂಡು ಅದರ ಗುಣವನ್ನು ತಿಳಿಸಿದರೆ ಅದು ವಿಶೇಷಣ; ಗುಣವನ್ನೇ ಪ್ರತ್ಯೇಕವಾಗಿ ಎತ್ತಿ ಹೆಸರಿಸಿದರೆ ಅದು ನಾಮಪದ.

3. ಕನ್ನಡ ವ್ಯಾಕರಣದಲ್ಲಿ ಸಿದ್ಧವಾಗಿರುವ ಉತ್ತರ

ಮೇಲಿನ ಭೇದವು ಕನ್ನಡದ ಮಗುವಿಗೆ ಹೊಸದಲ್ಲ. ಗುಣವಾಚಕ ಮತ್ತು ಭಾವನಾಮ ಎಂಬ ಹೆಸರುಗಳಲ್ಲಿ ಅದು ಕನ್ನಡ ವ್ಯಾಕರಣದ ಪಾಠದಲ್ಲಿ ಬಂದೇ ಬರುತ್ತದೆ. 'ಹಿರಿಯ' ಗುಣವಾಚಕ, 'ಹಿರಿಮೆ' ಭಾವನಾಮ. 'ಬಡ' ಗುಣವಾಚಕ, 'ಬಡತನ' ಭಾವನಾಮ. 'ಬಿಳಿ'ಯ ಭಾವ 'ಬಿಳುಪು'. ಶಿಕ್ಷಕರು ಇದೇ ಜೋಡಿಗಳ ಪಕ್ಕದಲ್ಲಿ ಇಂಗ್ಲಿಷ್ ಜೋಡಿಗಳನ್ನು ಬರೆಯಬೇಕು:

ಬಡ — ಬಡತನ : 'ಪೂರ್' — 'ಪಾವರ್ಟಿ'
ಜಾಣ — ಜಾಣತನ : 'ಕ್ಲೆವರ್' — 'ಕ್ಲೆವರ್‌ನೆಸ್'
ಒಳ್ಳೆಯ — ಒಳ್ಳೆಯತನ : 'ಗುಡ್' — 'ಗುಡ್‌ನೆಸ್'
ಪ್ರಾಮಾಣಿಕ — ಪ್ರಾಮಾಣಿಕತೆ : 'ಹಾನೆಸ್ಟ್' — 'ಹಾನೆಸ್ಟಿ'

'ಪ್ರಾಮಾಣಿಕತೆ ಹುಡುಗ' ಎಂದು ಯಾವ ಕನ್ನಡದ ಮಗುವೂ ಹೇಳುವುದಿಲ್ಲ. 'ಹಾನೆಸ್ಟಿ ಬಾಯ್' ಎಂಬುದು ಅದೇ ತಪ್ಪಿನ ಇಂಗ್ಲಿಷ್ ರೂಪವೆಂದು ತೋರಿಸಿದರೆ ಮಗು ನಕ್ಕು ತಾನೇ ತಿದ್ದಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕನ್ನಡದ ಶಾಲಾ ವ್ಯಾಕರಣಗಳು ಗುಣವಾಚಕವನ್ನು ನಾಮಪದದ ಒಂದು ಬಗೆಯಾಗಿಯೇ ಎಣಿಸುತ್ತವೆ. ಇಂದಿನ ಇಂಗ್ಲಿಷ್ ವ್ಯಾಕರಣವು ಎರಡನ್ನೂ ಬೇರೆ ಬೇರೆ ವರ್ಗಗಳಾಗಿ ಕಾಣುತ್ತದೆ. 'ಗುಣವಾಚಕವೂ ನಾಮಪದವೇ ಎಂದು ನಿನ್ನೆ ಹೇಳಿದಿರಿ, ಇಂದು ಅಲ್ಲವೆನ್ನುತ್ತೀರಿ' ಎಂದು ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಿದರೆ ಶಿಕ್ಷಕರು ಗದರಬಾರದು. ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ವ್ಯಾಕರಣಗಳು ಸಹ ವಿಶೇಷಣವನ್ನು ನಾಮಪದದೊಳಗೆ ಸೇರಿಸಿದ್ದವು. ಆ ಸಂಪ್ರದಾಯದಲ್ಲಿ ಬರೆದ ಹಳೆಯ ಇಂಗ್ಲಿಷ್ ವ್ಯಾಕರಣಗಳಲ್ಲಿ 'ನೌನ್ ಸಬ್‌ಸ್ಟಾಂಟಿವ್', 'ನೌನ್ ಅಡ್ಜೆಕ್ಟಿವ್' ಎಂಬ ಹೆಸರುಗಳೇ ಇದ್ದವು. ವರ್ಗೀಕರಣವು ಆಯಾ ಭಾಷೆಯ ಅನುಕೂಲವನ್ನು ನೋಡಿ ಮಾಡಿದ್ದೆಂದು ವಿವರಿಸಿದರೆ ಪ್ರಶ್ನೆ ಕೇಳಿದವನಿಗೂ ಗೌರವ ಸಂದಂತಾಗುತ್ತದೆ.

4. ಒಂದು ಕನ್ನಡ ಪದ, ಎರಡು ಇಂಗ್ಲಿಷ್ ಪದ

ತಪ್ಪುಗಳ ದೊಡ್ಡ ರಾಶಿ ಹುಟ್ಟುವುದು ಇಲ್ಲಿ. ಅಳತೆ, ಸ್ಪರ್ಶ ಮುಂತಾದವನ್ನು ಹೇಳುವ ಹಲವು ಕನ್ನಡ ಪದಗಳು ರೂಪ ಬದಲಿಸದೆ ಎರಡೂ ಕೆಲಸ ಮಾಡುತ್ತವೆ. 'ಬಾವಿಯ ಆಳ' ಎಂದಾಗ 'ಆಳ' ಹೆಸರು. 'ಬಾವಿ ಆಳವಾಗಿದೆ' ಎಂದಾಗ ಅದೇ 'ಆಳ' ಬಾವಿಯ ಗುಣವನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಈ ಎರಡು ಕೆಲಸಗಳಿಗೆ ಎರಡು ಪದಗಳು:

ಆಳ — ವಿಶೇಷಣ 'ಡೀಪ್', ನಾಮಪದ 'ಡೆಪ್ತ್'
ಉದ್ದ — ವಿಶೇಷಣ 'ಲಾಂಗ್', ನಾಮಪದ 'ಲೆಂಗ್ತ್'
ಅಗಲ — ವಿಶೇಷಣ 'ವೈಡ್', ನಾಮಪದ 'ವಿಡ್ತ್'
ಎತ್ತರ — ವಿಶೇಷಣ 'ಟಾಲ್' ಅಥವಾ 'ಹೈ', ನಾಮಪದ 'ಹೈಟ್'
ದಪ್ಪ — ವಿಶೇಷಣ 'ಥಿಕ್', ನಾಮಪದ 'ಥಿಕ್‌ನೆಸ್'
ಬಿಸಿ — ವಿಶೇಷಣ 'ಹಾಟ್', ನಾಮಪದ 'ಹೀಟ್'

ಗಣಿತದ ಪಾಠದಲ್ಲಿ 'ಲೆಂಗ್ತ್', 'ಬ್ರೆಡ್ತ್', 'ಹೈಟ್' ಎಂಬ ನಾಮಪದಗಳನ್ನೇ ಮಗುವು ಹೆಚ್ಚಾಗಿ ಕೇಳುತ್ತದೆ. ಅವಳು ಎತ್ತರವಾಗಿದ್ದಾಳೆ ಎಂದು ಬರೆಯಬೇಕಾದಾಗ ನೆನಪಿಗೆ ಬರುವುದು 'ಹೈಟ್'. 'ಶಿ ಈಸ್ ಹೈಟ್' ಎಂಬ ವಾಕ್ಯದ ಹುಟ್ಟು ಇದು.

ಇದಕ್ಕೆ ಪರಿಹಾರವಾಗಿ ಎರಡು ಕನ್ನಡ ಚೌಕಟ್ಟುಗಳನ್ನು ಕಪ್ಪುಹಲಗೆಯ ಮೇಲೆ ಎದುರುಬದುರಾಗಿ ಬರೆಯಬೇಕು:

(ಅ) ಬಾವಿಯ ಆಳ ಮೂವತ್ತು ಅಡಿ. — 'ದಿ ಡೆಪ್ತ್ ಆಫ್ ದಿ ವೆಲ್ ಈಸ್ ಥರ್ಟಿ ಫೀಟ್.'
(ಆ) ಬಾವಿ ಮೂವತ್ತು ಅಡಿ ಆಳವಾಗಿದೆ. — 'ದಿ ವೆಲ್ ಈಸ್ ಥರ್ಟಿ ಫೀಟ್ ಡೀಪ್.'

ಪದದ ಹಿಂದೆ ಷಷ್ಠೀ ವಿಭಕ್ತಿಯ ಪದವಿದ್ದರೆ (ಬಾವಿಯ, ಗೋಡೆಯ, ಹುಡುಗಿಯ), ಅಥವಾ ಪದಕ್ಕೇ ವಿಭಕ್ತಿ ಪ್ರತ್ಯಯ ಹತ್ತಿದ್ದರೆ (ಆಳವನ್ನು, ಎತ್ತರದಿಂದ) ಇಂಗ್ಲಿಷಿನಲ್ಲಿ ನಾಮಪದ ಬೇಕು. ಅಳತೆ-ಗುಣಗಳ ಪದಕ್ಕೆ 'ಆಗಿದೆ', 'ಆಗಿದ್ದಾಳೆ', 'ಆದ' ಹತ್ತಿದ್ದರೆ ವಿಶೇಷಣ ಬೇಕು. 'ಅವಳು ಶಿಕ್ಷಕಿಯಾಗಿದ್ದಾಳೆ' ಎಂಬಂಥ ವಾಕ್ಯದಲ್ಲಿ 'ಆಗಿದ್ದಾಳೆ' ಇದ್ದರೂ 'ಶಿಕ್ಷಕಿ' ಎಂಬುದು ಗುಣವಲ್ಲ, ವ್ಯಕ್ತಿಯ ಗುರುತು. ಅಲ್ಲಿ 'ಎ ಟೀಚರ್' ಎಂದು 'ಎ' ಸಹಿತ ನಾಮಪದವೇ ಬರುತ್ತದೆ.

ಇದೇ ರಾಶಿಗೆ ಸೇರುವ ಇನ್ನೊಂದು ಗುಂಪು ದೇಹ-ಮನಸ್ಸುಗಳ ಅನುಭವದ ಪದಗಳದ್ದು. ಕನ್ನಡದಲ್ಲಿ ಅನುಭವವು ನಾಮಪದವಾಗಿ ಬರುತ್ತದೆ, ಅನುಭವಿಸುವವನು ಚತುರ್ಥಿಯಲ್ಲಿ ನಿಲ್ಲುತ್ತಾನೆ: ನನಗೆ ಹಸಿವಾಗಿದೆ, ಅವನಿಗೆ ಸಿಟ್ಟು ಬಂದಿದೆ, ಮಗುವಿಗೆ ಬಾಯಾರಿಕೆಯಾಗಿದೆ. ಇಂಗ್ಲಿಷಿನಲ್ಲಿ ಅನುಭವಿಸುವವನೇ ಕರ್ತೃವಾಗುತ್ತಾನೆ, ಅನುಭವವು ವಿಶೇಷಣವಾಗುತ್ತದೆ: 'ಐ ಆಮ್ ಹಂಗ್ರಿ', 'ಹಿ ಈಸ್ ಆಂಗ್ರಿ', 'ದಿ ಚೈಲ್ಡ್ ಈಸ್ ಥರ್ಸ್ಟಿ'. 'ನನಗೆ' ಎಂಬುದು 'ಐ' ಆಗುವಾಗ 'ಹಸಿವು' ಎಂಬ ನಾಮಪದವು 'ಹಂಗ್ರಿ' ಎಂಬ ವಿಶೇಷಣವಾಗುತ್ತದೆ; ಎರಡು ಬದಲಾವಣೆಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದನ್ನು ಮಾತ್ರ ಕಲಿತ ಮಗು 'ಐ ಆಮ್ ಹಂಗರ್' ಎಂದು ಬರೆಯುತ್ತದೆ. 'ಹಂಗರ್—ಹಂಗ್ರಿ', 'ಥರ್ಸ್ಟ್—ಥರ್ಸ್ಟಿ', 'ಆಂಗರ್—ಆಂಗ್ರಿ', 'ಸ್ಲೀಪ್—ಸ್ಲೀಪಿ' ಎಂಬ ಜೋಡಿಗಳನ್ನು ವಾಕ್ಯಗಳಲ್ಲಿಯೇ ರೂಢಿಮಾಡಿಸಬೇಕು.

'ಬಹಳ' ಎಂಬ ಪದವೂ ಇಲ್ಲಿ ಮೋಸಮಾಡುತ್ತದೆ. ಕನ್ನಡದಲ್ಲಿ 'ಬಹಳ ನೀರು', 'ಬಹಳ ಹಸಿವು', 'ಬಹಳ ದೊಡ್ಡ' ಎಂದು ಎಲ್ಲದಕ್ಕೂ 'ಬಹಳ' ಸಲ್ಲುತ್ತದೆ. ಇಂಗ್ಲಿಷಿನ 'ವೆರಿ' ವಿಶೇಷಣದ ಮುಂದೆ ಬರುತ್ತದೆ. ನಾಮಪದದ ಪ್ರಮಾಣವನ್ನು ಹೇಳಲು 'ಮಚ್', 'ಮೆನಿ', 'ಎ ಲಾಟ್ ಆಫ್' ಬೇಕು. 'ವೆರಿ' ಎಂದರೆ 'ಬಹಳ' ಎಂದಷ್ಟೇ ಅರ್ಥ ಹೇಳಿಕೊಟ್ಟ ತರಗತಿಯಲ್ಲಿ 'ವೆರಿ ಹೈಟ್', 'ವೆರಿ ವಾಟರ್' ಎಂಬ ಪ್ರಯೋಗಗಳು ಹುಟ್ಟುವುದು ಸಹಜ.

5. 'ದೊಡ್ಡವನು', 'ದೊಡ್ಡದು'

ಕನ್ನಡದ ಗುಣವಾಚಕಕ್ಕೆ 'ಅವನು', 'ಅವಳು', 'ಅದು', 'ಅವರು', 'ಅವು' ಸೇರಿದರೆ ಅದು ತಾನೇ ನಾಮಪದವಾಗಿ ನಿಂತು ವಿಭಕ್ತಿಯನ್ನೂ ಪಡೆಯುತ್ತದೆ: ದೊಡ್ಡವನನ್ನು, ದೊಡ್ಡದಕ್ಕೆ, ಬಡವರಿಂದ. ತೆಲುಗಿನ 'ಪೆದ್ದವಾಡು, ಪೆದ್ದದಿ', ತಮಿಳಿನ 'ಪೆರಿಯವನ್, ಪೆರಿಯದು', ಮಲಯಾಳದ 'ವಲಿಯವನ್, ವಲಿಯದು' ಇದೇ ಬಗೆಯವು. ಇಂಗ್ಲಿಷಿನ ವಿಶೇಷಣಕ್ಕೆ ಈ ಸೌಕರ್ಯವಿಲ್ಲ. ಅದಕ್ಕೆ ಆಸರೆಯಾಗಿ ಪ್ರತ್ಯೇಕ ಪದವೊಂದನ್ನು ಕೊಡಬೇಕು.

ದೊಡ್ಡದು ಬೇಕು — 'ಐ ವಾಂಟ್ ದಿ ಬಿಗ್ ಒನ್'
ದೊಡ್ಡವು ಬೇಕು — 'ಐ ವಾಂಟ್ ದಿ ಬಿಗ್ ಒನ್ಸ್'
ಒಬ್ಬ ಬಡವನು ಬಂದನು — 'ಎ ಪೂರ್ ಮ್ಯಾನ್ ಕೇಮ್'

'ದೊಡ್ಡದು' ಎಂಬಲ್ಲಿನ 'ಅದು' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ಒನ್' ಮಾಡುತ್ತದೆ ಎಂದು ಹೇಳಿಕೊಟ್ಟರೆ 'ಒನ್' ಎಂದರೆ 'ಒಂದು' ಮಾತ್ರವೆಂಬ ಗೊಂದಲವೂ ಹರಿಯುತ್ತದೆ.

ಇದಕ್ಕೊಂದು ಅಪವಾದವುಂಟು. ಒಂದು ಸಮುದಾಯವನ್ನು ಒಟ್ಟಾಗಿ ಹೇಳುವಾಗ 'ದಿ' ಸೇರಿಸಿ ವಿಶೇಷಣವನ್ನೇ ಬಳಸಬಹುದು: 'ದಿ ಪೂರ್', 'ದಿ ರಿಚ್', 'ದಿ ಓಲ್ಡ್'. ಇವು ಬಹುವಚನದ ಅರ್ಥವುಳ್ಳವು. 'ದಿ ಪೂರ್ ಆರ್' ಎಂದು ಬಹುವಚನ ಕ್ರಿಯಾಪದ ಬರುತ್ತದೆ, ಆದರೆ 'ಪೂರ್ಸ್' ಎಂದಾಗದು. ಒಬ್ಬನನ್ನು ಹೇಳಲು 'ಎ ಪೂರ್' ಸಲ್ಲದು.

6. ನಾಮಪದವು ವಿಶೇಷಣದ ಸ್ಥಾನದಲ್ಲಿ ನಿಂತಾಗ

'ನಾಮಪದದ ಮುಂದೆ ಬರುವುದೆಲ್ಲ ವಿಶೇಷಣ' ಎಂಬ ಸೂತ್ರವೂ ಅಪಾಯಕರ. 'ಸ್ಟೋನ್ ವಾಲ್', 'ಸ್ಕೂಲ್ ಬ್ಯಾಗ್', 'ಮ್ಯಾಂಗೋ ಟ್ರೀ' ಎಂಬಲ್ಲಿ ಮೊದಲ ಪದಗಳು ಮುಂದೆ ನಿಂತ ನಾಮಪದಗಳು. ಇದನ್ನು ಬಿಡಿಸಲು ಸಮಾಸ ಪ್ರಕರಣವು ನೆರವಾಗುತ್ತದೆ. 'ಮರಗಾಲು' ಎಂಬುದನ್ನು 'ಮರದ ಕಾಲು' ಎಂದೂ 'ಹೆಮ್ಮರ'ವನ್ನು 'ಹಿರಿದು ಆದ ಮರ' ಎಂದೂ ವಿದ್ಯಾರ್ಥಿಯು ವಿಗ್ರಹಿಸುತ್ತಾನೆ. ಮೊದಲನೆಯದು ತತ್ಪುರುಷ, ಅಲ್ಲಿ ಪೂರ್ವಪದ ನಾಮಪದ. ಎರಡನೆಯದು ಕರ್ಮಧಾರಯ, ಅಲ್ಲಿ ಪೂರ್ವಪದ ವಿಶೇಷಣ. ಇಂಗ್ಲಿಷ್ ಪದಪುಂಜವನ್ನೂ ಹಾಗೆಯೇ ವಿಗ್ರಹಿಸಬಹುದು: 'ಸ್ಟೋನ್ ವಾಲ್' — ಕಲ್ಲಿನ ಗೋಡೆ; 'ಬಿಗ್ ವಾಲ್' — ದೊಡ್ಡದಾದ ಗೋಡೆ. 'ಇನ', 'ಅದ', 'ಯ' ಎಂಬ ಷಷ್ಠಿ ಬಂದರೆ ಬಹುಮಟ್ಟಿಗೆ ನಾಮಪದ. 'ಆದ' ಬಂದರೆ ವಿಶೇಷಣ. 'ವುಡನ್ ಬಾಕ್ಸ್' ಎಂಬುದನ್ನು 'ಮರದ ಪೆಟ್ಟಿಗೆ' ಎಂದು ವಿಗ್ರಹಿಸಿದರೂ 'ವುಡನ್' ವಿಶೇಷಣವೇ; 'ವುಡ್' ಎಂಬ ನಾಮಪದಕ್ಕೆ 'ಎನ್' ಪ್ರತ್ಯಯ ಹತ್ತಿ ಅದು ವಿಶೇಷಣವಾಗಿದೆ. ಆದ್ದರಿಂದ ವಿಗ್ರಹದ ಫಲವನ್ನು ಮುಂದೆ ಹೇಳುವ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳಬೇಕು.

ಈ ಸ್ಥಾನದಲ್ಲಿ ಅಳತೆಯ ನಾಮಪದಗಳು ಸಾಮಾನ್ಯವಾಗಿ ಬಹುವಚನವನ್ನು ಬಿಡುತ್ತವೆ. 'ಟೆನ್ ರುಪೀಸ್' ಎಂಬುದು ಸರಿ. ಆದರೆ 'ಎ ಟೆನ್-ರುಪೀ ನೋಟ್'. 'ದಿ ಬಾಯ್ ಈಸ್ ಫೈವ್ ಇಯರ್ಸ್ ಓಲ್ಡ್' ಸರಿ. ಆದರೆ 'ಎ ಫೈವ್-ಇಯರ್-ಓಲ್ಡ್ ಬಾಯ್'. ಕನ್ನಡದಲ್ಲಿಯೂ 'ಐದು ವರ್ಷದ ಹುಡುಗ', 'ಹತ್ತು ರೂಪಾಯಿ ನೋಟು' ಎಂದು ಏಕವಚನವೇ ರೂಢಿಯಲ್ಲಿದೆಯೆಂಬುದನ್ನು ನೆನಪಿಸಿದರೆ ನಿಯಮವು ಹೊರೆಯೆನಿಸದು.

7. ನಾಲ್ಕು ಪರೀಕ್ಷೆಗಳು

ಸಂಶಯ ಬಂದ ಪದವನ್ನು ವಿದ್ಯಾರ್ಥಿಯು ಈ ನಾಲ್ಕು ಪ್ರಶ್ನೆಗಳಿಗೆ ಒಡ್ಡಬೇಕು.

ಮೊದಲನೆಯದು: ಇದೇ ಅರ್ಥದಲ್ಲಿ ಪದಕ್ಕೆ ಬಹುವಚನದ 'ಎಸ್' ಹತ್ತುವುದೇ? ಹತ್ತಿದರೆ ನಾಮಪದ. 'ವಾಲ್ಸ್' ಆಗುತ್ತದೆ, 'ಟಾಲ್ಸ್' ಆಗದು. ನೀರು, ಪ್ರಾಮಾಣಿಕತೆ ಮುಂತಾದ ಎಣಿಕೆಗೆ ಸಿಗದ ನಾಮಪದಗಳಿಗೆ ಈ ಪರೀಕ್ಷೆ ಸಾಲದು.

ಎರಡನೆಯದು: 'ದಿ — ಆಫ್' ಎಂಬ ಚೌಕಟ್ಟಿನಲ್ಲಿ ಪದ ಒಂಟಿಯಾಗಿ ಕೂರುವುದೇ? ಕೂತರೆ ನಾಮಪದ. 'ದಿ ಬ್ಯೂಟಿ ಆಫ್ ದಿ ಹಿಲ್ಸ್' ಸರಿ. 'ದಿ ಬ್ಯೂಟಿಫುಲ್ ಆಫ್ ದಿ ಹಿಲ್ಸ್' ತಪ್ಪು.

ಮೂರನೆಯದು: ಪದದ ಮುಂದೆ 'ವೆರಿ' ಒಪ್ಪುವುದೇ, ತರ-ತಮ ರೂಪಗಳು ಬರುವುವೇ? ಹೌದಾದರೆ ವಿಶೇಷಣ. 'ವೆರಿ ಟಾಲ್, ಟಾಲರ್, ಟಾಲೆಸ್ಟ್' ಸರಿ. 'ವೆರಿ ಸ್ಕೂಲ್ ಬ್ಯಾಗ್' ಆಗದು. ಆದರೆ 'ವುಡನ್', 'ಮೇನ್' ಮುಂತಾದ ಕೆಲವು ವಿಶೇಷಣಗಳು 'ವೆರಿ'ಯನ್ನು ಒಪ್ಪುವುದಿಲ್ಲ.

ನಾಲ್ಕನೆಯದು: 'ಸೀಮ್ಸ್' ಎಂಬ ಕ್ರಿಯಾಪದದ ಬಳಿಕ ಪದ ಒಂಟಿಯಾಗಿ ನಿಲ್ಲುವುದೇ? ನಿಂತರೆ ವಿಶೇಷಣ. 'ಹಿ ಸೀಮ್ಸ್ ಹಾನೆಸ್ಟ್' ಸರಿ. 'ಹಿ ಸೀಮ್ಸ್ ಹಾನೆಸ್ಟಿ' ತಪ್ಪು.

ಯಾವ ಒಂದು ಪರೀಕ್ಷೆಯೂ ಪರಿಪೂರ್ಣವಲ್ಲ. ಎರಡು ಪರೀಕ್ಷೆಗಳು ಒಂದೇ ಕಡೆಗೆ ಬೆರಳು ತೋರಿದಾಗ ತೀರ್ಮಾನಿಸುವ ಅಭ್ಯಾಸವನ್ನು ಬೆಳೆಸಬೇಕು.

ಪದಾಂತ್ಯಗಳೂ ಸುಳಿವು ಕೊಡುತ್ತವೆ. 'ನೆಸ್', 'ಟಿ', 'ಮೆಂಟ್', 'ಷನ್', 'ಹುಡ್', 'ಷಿಪ್' ಎಂಬವು ಸಾಮಾನ್ಯವಾಗಿ ನಾಮಪದಕ್ಕೂ 'ಫುಲ್', 'ಲೆಸ್', 'ಅಸ್', 'ಅಬಲ್', 'ಇವ್' ಎಂಬವು ವಿಶೇಷಣಕ್ಕೂ ಸೇರಿದವು. 'ಸ್ಪೂನ್‌ಫುಲ್', 'ರಿಲೇಟಿವ್' ಎಂಬ ಪದಗಳು ನಾಮಪದಗಳಾಗಿಯೂ ಬಳಕೆಯಲ್ಲಿರುವುದರಿಂದ ಪದಾಂತ್ಯವನ್ನು ಸುಳಿವೆಂದು ಮಾತ್ರ ಭಾವಿಸಬೇಕು.

8. ನೆರೆಭಾಷೆಯ ವ್ಯಾಕರಣದೊಡನೆ ಹೊಂದಾಣಿಕೆ

ಈ ಶಾಲೆಗಳ ಮಕ್ಕಳು ರಾಜ್ಯಭಾಷೆಯ ವ್ಯಾಕರಣವನ್ನೂ ಓದುತ್ತಾರೆ. ಮರಾಠಿಯಲ್ಲಿ 'ನಾಮ' ಮತ್ತು 'ವಿಶೇಷಣ', ತೆಲುಗಿನಲ್ಲಿ 'ನಾಮವಾಚಕಮು' ಮತ್ತು 'ವಿಶೇಷಣಮು', ತಮಿಳಿನಲ್ಲಿ 'ಪೆಯರ್ಚ್ಚೊಲ್' ಮತ್ತು 'ಪೆಯರಡೈ', ಮಲಯಾಳದಲ್ಲಿ 'ನಾಮಂ' ಮತ್ತು 'ನಾಮವಿಶೇಷಣಂ' ಎಂಬ ಹೆಸರುಗಳಿವೆ. ಮೂರು ಭಾಷೆಗಳ ಶಿಕ್ಷಕರು ಕುಳಿತು ಈ ಹೆಸರುಗಳ ಪಟ್ಟಿಯೊಂದನ್ನು ತರಗತಿಯ ಗೋಡೆಗೆ ತೂಗುಹಾಕಿದರೆ ಒಂದೇ ವಿಷಯವನ್ನು ಮೂರು ಸಲ ಹೊಸದಾಗಿ ಕಲಿಯುವ ಶ್ರಮ ತಪ್ಪುತ್ತದೆ.

ಮರಾಠಿಯ ಅನೇಕ ವಿಶೇಷಣಗಳು ಲಿಂಗ-ವಚನಗಳಿಗೆ ತಕ್ಕಂತೆ ಬದಲಾಗುತ್ತವೆ: 'ಚಾಂಗಲಾ ಮುಲಗಾ', 'ಚಾಂಗಲೀ ಮುಲಗೀ', 'ಚಾಂಗಲೇ ಪುಸ್ತಕ'. ಕನ್ನಡದಲ್ಲಿ 'ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಪುಸ್ತಕ'; ಇಂಗ್ಲಿಷಿನಲ್ಲಿಯೂ 'ಗುಡ್' ಬದಲಾಗದು. ಇಂಗ್ಲಿಷ್ ವಿಶೇಷಣದ ಈ ಸ್ವಭಾವವನ್ನು ಸೊಲ್ಲಾಪುರ, ಜತ್ತ ಕಡೆಯ ಮಕ್ಕಳಿಗೆ ತಿಳಿಸಲು ಕನ್ನಡವೇ ಹತ್ತಿರದ ದಾರಿ.

9. ಪಾಠ ನಿರ್ವಹಣೆ

ಮೊದಲ ಅವಧಿ: ಗುಣವಾಚಕ-ಭಾವನಾಮಗಳ ಪುನರಾವರ್ತನೆ, ಇಂಗ್ಲಿಷ್ ಜೋಡಿಗಳ ಪರಿಚಯ. ಮಕ್ಕಳು ಅಳತೆಪಟ್ಟಿಯಿಂದ ಕಪ್ಪುಹಲಗೆ, ಮೇಜು, ಬಾಗಿಲುಗಳನ್ನು ಅಳೆದು ಪ್ರತಿಯೊಂದಕ್ಕೂ ಎರಡು ವಾಕ್ಯ ಬರೆಯಲಿ. ಒಂದರಲ್ಲಿ 'ಲೆಂಗ್ತ್', ಇನ್ನೊಂದರಲ್ಲಿ 'ಲಾಂಗ್' ಇರಲಿ.

ಎರಡನೆಯ ಅವಧಿ: ಅನುಭವದ ಪದಗಳು, 'ಒನ್' ಪ್ರಯೋಗ. ಅಂಗಡಿಯ ಸಂಭಾಷಣೆಯನ್ನು ಜೋಡಿಯಾಗಿ ಅಭಿನಯಿಸಲಿ: ಕೆಂಪಗಿನದು ಕೊಡಿ, ಚಿಕ್ಕದು ಬೇಡ, ದೊಡ್ಡವು ಎಷ್ಟು?

ಮೂರನೆಯ ಅವಧಿ: ನಾಲ್ಕು ಪರೀಕ್ಷೆಗಳು ಮತ್ತು ಕೆಳಗಿನ ಅಭ್ಯಾಸ. ಉತ್ತರದಷ್ಟೇ ಕಾರಣಕ್ಕೂ ಅಂಕವಿರಲಿ. ಕಾರಣವನ್ನು ಕನ್ನಡದಲ್ಲಿ ಹೇಳಲು ಅವಕಾಶವಿರಲಿ.

10. ಅಭ್ಯಾಸ

ಸೂಚಿಸಿದ ಪದವು ನಾಮಪದವೋ ವಿಶೇಷಣವೋ ಕಾರಣಸಹಿತ ತಿಳಿಸಿರಿ.

1. 'ಶಿ ಹ್ಯಾಸ್ ಎ ಕೋಲ್ಡ್.' (ಕೋಲ್ಡ್)
2. 'ದಿ ವಾಟರ್ ಈಸ್ ಕೋಲ್ಡ್.' (ಕೋಲ್ಡ್)
3. 'ಸ್ವಿಚ್ ಆಫ್ ದಿ ಲೈಟ್.' (ಲೈಟ್)
4. 'ದಿಸ್ ಬ್ಯಾಗ್ ಈಸ್ ವೆರಿ ಲೈಟ್.' (ಲೈಟ್)
5. 'ಶಿ ಬಾಟ್ ಎ ಕಾಟನ್ ಸಾರಿ.' (ಕಾಟನ್)
6. 'ದಿ ಓಲ್ಡ್ ನೀಡ್ ಅವರ್ ಹೆಲ್ಪ್.' (ಓಲ್ಡ್)

ಶಿಕ್ಷಕರಿಗೆ ಉತ್ತರಸೂಚಿ: 1. ನಾಮಪದ, ನೆಗಡಿ ಎಂಬ ಅರ್ಥ, ಮುಂದೆ 'ಎ' ಇದೆ, 'ಕೋಲ್ಡ್ಸ್' ಎಂಬ ಬಹುವಚನವುಂಟು. 2. ವಿಶೇಷಣ, 'ವೆರಿ ಕೋಲ್ಡ್' ಎನ್ನಬಹುದು. 3. ನಾಮಪದ, 'ಲೈಟ್ಸ್' ಆಗುತ್ತದೆ. 4. ವಿಶೇಷಣ, ಹಗುರ ಎಂಬ ಅರ್ಥ, 'ವೆರಿ' ಇದೆ. 5. ನಾಮಪದ, ಹತ್ತಿಯ ಸೀರೆ ಎಂಬ ವಿಗ್ರಹ, 'ವೆರಿ' ಒಪ್ಪದು. 6. ವಿಶೇಷಣವೇ 'ದಿ' ಸೇರಿ ಸಮುದಾಯದ ಹೆಸರಾಗಿದೆ. 'ಓಲ್ಡ್ಸ್' ಆಗದು, 'ನೀಡ್' ಎಂಬ ಬಹುವಚನ ಕ್ರಿಯಾಪದ ಬಂದಿದೆ. ಆರನೆಯದಕ್ಕೆ ವಿದ್ಯಾರ್ಥಿಯು ಯಾವುದೇ ಹೆಸರು ಕೊಟ್ಟರೂ ಕಾರಣ ಸರಿಯಾಗಿದ್ದರೆ ಅಂಕ ಕೊಡಬೇಕು.

11. ಸಮಾರೋಪ

ಮಗುವು 'ಐ ಆಮ್ ಹಂಗರ್' ಎಂದು ಬರೆದಾಗ ಅದರ ಹಿಂದೆ ಕನ್ನಡದ ಒಂದು ಶುದ್ಧ ವಾಕ್ಯವಿರುತ್ತದೆ. ಆ ವಾಕ್ಯವನ್ನು ಶಿಕ್ಷಕರು ಕಂಡುಹಿಡಿದು ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿ ಬರೆದು, ಎರಡು ಭಾಷೆಗಳ ದಾರಿ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ತೋರಿಸಿದರೆ ತಪ್ಪು ಪಾಠವಾಗುತ್ತದೆ. ಕನ್ನಡವನ್ನು ಬದಿಗಿಟ್ಟು ಇಂಗ್ಲಿಷ್ ಕಲಿಸಲು ಹೊರಟ ತರಗತಿಯಲ್ಲಿಯೂ ಮಗುವು ಒಳಗೆ ಕನ್ನಡದಲ್ಲಿಯೇ ಯೋಚಿಸುತ್ತಿರುತ್ತದೆ. ವ್ಯತ್ಯಾಸವಿಷ್ಟೇ, ಆಗ ಅದರ ಯೋಚನೆಯನ್ನು ತಿದ್ದುವವರು ಯಾರೂ ಇರುವುದಿಲ್ಲ. ಪೋಷಕರ ಸಭೆಯಲ್ಲಿ ಮಕ್ಕಳ ಅಳತೆಯ ವಾಕ್ಯಗಳನ್ನೂ ನಾಲ್ಕು ಪರೀಕ್ಷೆಗಳ ಉತ್ತರಗಳನ್ನೂ ಮಕ್ಕಳಿಂದಲೇ ಓದಿಸುವುದು ಉಚಿತ. ಕನ್ನಡ ವ್ಯಾಕರಣವನ್ನು ಬಲ್ಲ ಮಗುವು ಇಂಗ್ಲಿಷಿನಲ್ಲಿ ಕಾರಣ ಹೇಳಬಲ್ಲುದೆಂಬುದನ್ನು ಪೋಷಕರು ತಮ್ಮ ಕಿವಿಯಿಂದಲೇ ಕೇಳಲಿ.